ನನ್ನ ವಾಲ್ವ್ ರೇಡಿಯೋದ ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದಕ್ಕೆ ನೀವೇ ಹೊಣೆ

ಗೆ,
ವ್ಯವಸ್ಥಾಪಕರು,
ಹಳೆ ರೇಡಿಯೋ ದುರಸ್ತಿ ವಿಭಾಗ, ಬೆಂಗಳೂರು

ಮಾನ್ಯರೇ,

ಫೋನ್‌ನಲ್ಲಿ ಹೇಳಿ ಹೇಳಿ ಸಾಕಾಗಿದೆ. ಪ್ರತಿ ಸಲವೂ "ಚೆಕ್ ಮಾಡಿ ಹೇಳ್ತೀವಿ ಮೇಡಂ" ಅಂದಿರಿ. ಯಾರೂ ಹೇಳಲಿಲ್ಲ. ಮೊನ್ನೆ ನಿಮ್ಮ ಕೌಂಟರ್‌ನಲ್ಲಿ ನಡೆದದ್ದನ್ನು ನೋಡಿದ ಮೇಲೆ ಬಾಯಿಮಾತು ಸಾಕು ಅನಿಸಿತು.

ನಮ್ಮ ತಂದೆಯ ರೇಡಿಯೋವನ್ನು ನಿಮಗೆ ಕೊಟ್ಟಾಗ ಅದು ಹಾಡುತ್ತಿತ್ತು. ಸೀರೀಸ್ ಬಲ್ಬ್ ಹಾಕಿ ನಾನೇ ನೋಡಿದ್ದೆ. 60 ವಾಟ್‌ನ ಬಲ್ಬ್ ಒಮ್ಮೆ ಹೊಳೆದು ಮಂದವಾಯಿತು. ಶಾರ್ಟ್ ಇದ್ದಿದ್ದರೆ ಅದು ಪೂರ್ತಿ ಉರಿಯುತ್ತಲೇ ಇರುತ್ತಿತ್ತು. ಬೆಂಗಳೂರು 612 ಕಿಲೋಹರ್ಟ್ಸ್ ಚೆನ್ನಾಗಿ ಸಿಗುತ್ತಿತ್ತು. ವಾಲ್ಯೂಮ್ ಪೂರ್ತಿ ಇಳಿಸಿದರೂ ಹೋಗದ ಹಮ್, ಅಂದರೆ ಗುಂಯ್ ಎನ್ನುವ ಸದ್ದು, ಒಂದೇ ತೊಂದರೆ. ಅಳೆದು ನೋಡಿದೆ, 100 ಹರ್ಟ್ಸ್. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್‌ನ ಒಂದು ಪಕ್ಕ ಸತ್ತಿದ್ದರೆ 50 ಬರಬೇಕಿತ್ತು. ಹಾಗಾಗಿ ಒಣಗಿರುವುದು ಆ ಡಿಸಿಯ ಏರಿಳಿತ ತಗ್ಗಿಸುವ ಫಿಲ್ಟರ್ ಕೆಪಾಸಿಟರ್ ಎಂದು ಚೀಟಿ ಬರೆದು, ಒಳಗಿನ ಲೋಹದ ಚೌಕಟ್ಟಾದ ಚಾಸಿಗೇ ಅಂಟಿಸಿದ್ದೆ. ಫಿಲ್ಟರ್‌ನ ಎರಡು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್, ಔಟ್‌ಪುಟ್ ವಾಲ್ವ್‌ನ ಗ್ರಿಡ್‌ಗೆ ಹೋಗುವ ಕಪ್ಲಿಂಗ್ ಕೆಪಾಸಿಟರ್, ಇಷ್ಟೇ ಬದಲಿಸಿ. ರೆಕ್ಟಿಫೈಯರ್ ವಾಲ್ವ್ ಇಝಡ್80 ಚೆನ್ನಾಗಿದೆ, ಅದನ್ನು ಮುಟ್ಟಬೇಡಿ ಎಂದೂ ಅದರಲ್ಲೇ ಬರೆದಿದ್ದೆ.

ಗ್ರಾಹಕರ ಲಿಖಿತ ಒಪ್ಪಿಗೆ ಇಲ್ಲದೆ ಸರ್ಕ್ಯೂಟ್ ಬದಲಿಸುವುದಿಲ್ಲ, ತೆಗೆದ ಭಾಗಗಳನ್ನು ವಾಪಸ್ ಕೊಡುತ್ತೇವೆ ಎಂದು ನಿಮ್ಮ ರಸೀದಿಯ ಹಿಂಬದಿಯಲ್ಲೇ ಅಚ್ಚಾಗಿದೆ. ನಿಮ್ಮ ನಿಯಮ ನಿಮಗೆ ಗೊತ್ತಿರಲೇಬೇಕು.

ಮನೆಗೆ ತಂದು ಹಚ್ಚಿದ ಸಂಜೆಯೇ ಪಟ್ ಅಂತ ಸದ್ದಾಯಿತು. ಹೊಗೆ ಬಂತು, ಟ್ರಾನ್ಸ್‌ಫಾರ್ಮರ್‌ನ ಟಾರು ಕರಗಿ ಸೋರಿತು. ಚಾಸಿ ತಿರುಗಿಸಿ ನೋಡಿದರೆ ಕೆಳಗೆ, ಇಝಡ್80 ಮಾಡಬೇಕಾದ ಕೆಲಸಕ್ಕೆ, ಎರಡು 1ಎನ್4007 ಡಯೋಡ್. ಇಝಡ್80ಗೆ ಹೀಟರ್ ವೈರ್ ಮಾತ್ರ ಬಿಟ್ಟಿದ್ದೀರಿ. ಹೊರಗಿನಿಂದ ನೋಡುವವರಿಗೆ ಗೊತ್ತಾಗದಿರಲಿ ಅಂತ ಅದು ಸುಮ್ನೆ ಕೆಂಪಗೆ ಉರಿಯುತ್ತಿತ್ತು. ಇದಕ್ಕೆ ನಾನು ಮೋಸ ಅನ್ನುತ್ತೇನೆ.

ಇಝಡ್80 ತಾನೂ ನಿಧಾನವಾಗಿ ಬಿಸಿಯಾಗುತ್ತದೆ. ಅದು ವೋಲ್ಟೇಜ್ ಕೊಡುವ ಹೊತ್ತಿಗೆ ಉಳಿದ ವಾಲ್ವ್‌ಗಳೂ ಕರೆಂಟ್ ಎಳೆಯಲು ಶುರು ಮಾಡಿರುತ್ತವೆ. ಡಯೋಡ್ ಹಾಗಲ್ಲ, ಸ್ವಿಚ್ ಹಾಕಿದ ಕ್ಷಣಕ್ಕೇ ಪೂರ್ತಿ ವೋಲ್ಟೇಜ್. ಈ ಟ್ರಾನ್ಸ್‌ಫಾರ್ಮರ್ 275-0-275, ಅಂದರೆ ನಡುವಿನಿಂದ ಎರಡೂ ಕಡೆಗೆ 275 ವೋಲ್ಟ್ ಎಸಿ. ಲೋಡ್ ಇಲ್ಲದಾಗ ಕೆಪಾಸಿಟರ್‌ಗೆ ಬೀಳುವುದು 275ರ 1.414 ಪಟ್ಟು, ಅಂದರೆ 389 ವೋಲ್ಟ್. ನೀವು ಹಾಕಿದ ಹೊಸ ಕೆಪಾಸಿಟರ್‌ನ ಮೇಲೆ ಬರೆದಿರುವ ಮಿತಿ 350 ವೋಲ್ಟ್. ಅದು ಶಾರ್ಟ್ ಆದಾಗ ಫ್ಯೂಸ್ ಆದರೂ ಹೋಗಬೇಕಿತ್ತು. ನಾನು ಕೊಟ್ಟಾಗ ಅರ್ಧ ಆಂಪಿಯರ್ ಫ್ಯೂಸ್ ಇದ್ದ ಜಾಗದಲ್ಲಿ ಈಗ 3 ಆಂಪಿಯರ್ ಇದೆ! ಹೀಗಾಗಿ ಫ್ಯೂಸ್ ಉಳಿಯಿತು, ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಮನೆಗೆ ಬೆಂಕಿ ಬೀಳದಿದ್ದದ್ದು ನಮ್ಮ ಪುಣ್ಯ.

ಇದನ್ನೆಲ್ಲ ಹೇಳಲು ತುಮಕೂರಿನಿಂದ ಚಾಸಿ ಹೊತ್ತು ಬಂದೆ. ಡಯೋಡ್ ತೋರಿಸಿದೆ. ನಿಮ್ಮ ಸೂಪರ್‌ವೈಸರ್ ಬಗ್ಗಿ ಕೂಡ ನೋಡಲಿಲ್ಲ. "ಮನೇಲಿ ಗಂಡಸರು ಯಾರಿದ್ದಾರೆ ಮೇಡಂ? ಅವರಿಗೆ ಫೋನ್ ಮಾಡಿ ಕೊಡಿ, ಟೆಕ್ನಿಕಲ್ ವಿಷಯ" ಅಂದರು. ನನ್ನ ಹತ್ತಿರವೇ ಮಾತಾಡಿ ಅಂದೆ. "ಡಯೋಡ್ ಅಂದ್ರೇನು ಅಂತ ಗೊತ್ತಾ?" ಎಂದು ಕೇಳಿ ಪಕ್ಕಕ್ಕೆ ತಿರುಗಿ ನಕ್ಕರು. ಆಂಪ್ಲಿಫೈಯರ್ ತಂದು ನಿಂತಿದ್ದವರೂ ನಕ್ಕರು. ಲೆಕ್ಕ ಬರೆದ ಕಾಗದ ಮುಂದಿಟ್ಟೆ. ಅದರ ಮೇಲೆ ಟೀ ಲೋಟ ಇಟ್ಟರು. ಲೋಟ ಸರಿಸಿ ಕಾಗದ ತೆಗೆದುಕೊಂಡೆ, ಅಕ್ಷರಗಳೆಲ್ಲ ಒದ್ದೆ. ತೆಗೆದ ಹಳೆ ಕೆಪಾಸಿಟರ್ ಎಲ್ಲಿ ಅಂದೆ. "ಕಸಕ್ಕೆ ಹೋಯ್ತು." ಟ್ರಾನ್ಸ್‌ಫಾರ್ಮರ್? "ಹಳೇ ಡಬ್ಬ ಮೇಡಂ, ತಾನಾಗೇ ಹೋಗಿದೆ. ಒಳಗೆ ಬ್ಲೂಟೂತ್ ಬೋರ್ಡ್ ಹಾಕ್ಕೊಡ್ತೀವಿ, ಹಾಡು ಬಂದ್ರೆ ಆಯ್ತಲ್ವಾ?" ಅಷ್ಟು ಹೇಳಿ ಚಾಸಿಯನ್ನು ಒಂದು ಕೈಯಲ್ಲಿ ನನ್ನ ಕಡೆ ತಳ್ಳಿ, "ನೆಕ್ಸ್ಟ್" ಎಂದು ಕೂಗಿದರು.

ನಾನು ಪಾಲಿಟೆಕ್ನಿಕ್‌ನ ಎಲೆಕ್ಟ್ರಾನಿಕ್ಸ್ ಲ್ಯಾಬ್‌ನಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಅದನ್ನು ಅಲ್ಲಿ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಏನೂ ಓದದ ಹೆಂಗಸು ಬಂದು ಕೇಳಿದರೂ, ದುಡ್ಡು ಕೊಟ್ಟವಳಿಗೆ ಉತ್ತರ ಕೊಡುವುದು ನಿಮ್ಮ ಕೆಲಸ.

ಟ್ರಾನ್ಸ್‌ಫಾರ್ಮರನ್ನು ಅದೇ ಅಳತೆಗೆ ರೀವೈಂಡ್ ಮಾಡಿಸಿ. ಡಯೋಡ್ ತೆಗೆದು ಇಝಡ್80ಗೆ ವೈರಿಂಗ್ ಮೊದಲಿನಂತೆ ಮಾಡಿ. ಬಿಲ್ಲಿನ ಹಣ ವಾಪಸ್ ಕೊಡಿ. ಆ ಸೂಪರ್‌ವೈಸರ್ ಕ್ಷಮೆ ಕೇಳಿ ಪತ್ರ ಬರೆಯಲಿ. 15 ದಿನ ಕಾಯುತ್ತೇನೆ.

ಆಮೇಲೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಸುಮ್ಮನಾಗುವವಳಲ್ಲ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಪ್ರತಿ ವಿಚಾರಣೆಗೂ ತುಮಕೂರಿಗೆ ಬರಬೇಕಾದವರು ನೀವು. ಡಯೋಡ್, ಒಡೆದ ಕೆಪಾಸಿಟರ್, 3 ಆಂಪಿಯರ್ ಫ್ಯೂಸ್ ಎಲ್ಲದರ ಫೋಟೋ ಇದೆ. ಟೀ ಕಲೆಯ ಕಾಗದವನ್ನೂ ಇಟ್ಟುಕೊಂಡಿದ್ದೇನೆ. ಎಲ್ಲವನ್ನೂ ಜಿಲ್ಲಾ ಗ್ರಾಹಕರ ಆಯೋಗದ ಮುಂದಿಡುತ್ತೇನೆ.

ಇತಿ,
ನಿಮ್ಮ ಗ್ರಾಹಕಿ
ತುಮಕೂರು