ದುಡ್ಡು ಮುಟ್ಟದ ಮದ್ದು

ಪ್ರಿಯ ಗೆಳೆಯಾ,

ಐರ್ಲೆಂಡಿನ ಹಳ್ಳಿಮದ್ದುಗಳ ಬಗ್ಗೆ ಬರೆ ಎಂದಿದ್ದೆಯಲ್ಲ, ಈಚೆಗೆ ನಾನು ಓದುತ್ತಿರುವುದೂ ಅದನ್ನೇ. 1937ರಿಂದ 1939ರವರೆಗೆ ಅಲ್ಲಿನ ಜಾನಪದ ಆಯೋಗವು ಸುಮಾರು 5,000 ಶಾಲೆಗಳ ಮಕ್ಕಳಿಂದ ಊರಿನ ಹಿರಿಯರ ಅರಿವನ್ನು ಬರೆಸಿತು. ಮಕ್ಕಳ ಕೈಬರಹದ ಆ ಪುಟಗಳು ಈಗ ಅಂತರ್ಜಾಲದಲ್ಲಿವೆ. ಒಳಹೊಕ್ಕರೆ ಊಟದ ಹೊತ್ತೂ ಮರೆತುಹೋಗುತ್ತದೆ.

ನೆಟಲ್ ಎಂಬ ತುರಿಕೆ ಗಿಡ ತಾಗಿದರೆ ಡಾಕ್ ಎಲೆ ಉಜ್ಜುವುದು, ಕೆಮ್ಮಿಗೆ ಕ್ಯಾರಗೀನ್ ಎಂಬ ಕಡಲಪಾಚಿಯನ್ನು ಹಾಲಿನಲ್ಲಿ ಕುದಿಸಿ ಕುಡಿಯುವುದು ನಮಗೂ ಸುಲಭವಾಗಿ ಅರ್ಥವಾಗುತ್ತವೆ. ನರಹುಲಿಗೆ ಬಸವನಹುಳು ಉಜ್ಜಿ, ಅದನ್ನು ಮುಳ್ಳಿಗೆ ಚುಚ್ಚುತ್ತಿದ್ದರು. ಹುಳು ಒಣಗಿದಂತೆ ನರಹುಲಿಯೂ ಬಾಡುತ್ತದೆಂಬ ನಂಬಿಕೆ.

ನನ್ನ ಮನಸ್ಸನ್ನು ಬಹಳ ಕಾಡಿದ್ದು ನಾಯಿಕೆಮ್ಮಿನ ಮದ್ದುಗಳು. ಮಗುವನ್ನು ಕತ್ತೆಯ ಹೊಟ್ಟೆಯ ಕೆಳಗೆ ಮೂರು ಸಲ ದಾಟಿಸುತ್ತಿದ್ದರು. ಬಿಳಿ ಕುದುರೆಯೇರಿ ಬಂದವನನ್ನು ತಡೆದು ಮದ್ದು ಕೇಳುತ್ತಿದ್ದರು. ಅವನು ಹೇಳಿದ್ದೇ ಮದ್ದು. ತವರಿನಲ್ಲೂ ಗಂಡನ ಮನೆಯಲ್ಲೂ ಒಂದೇ ಮನೆಹೆಸರಿದ್ದ ಹೆಂಗಸಿನಿಂದ ಬ್ರೆಡ್ಡಿನ ತುಂಡು ತರುತ್ತಿದ್ದರು. ಲಸಿಕೆ ಊರೂರಿಗೆ ತಲುಪದಿದ್ದ ಕಾಲ ಅದು. ಉಸಿರುಗಟ್ಟುವ ಕೂಸನ್ನು ಎತ್ತಿಕೊಂಡು ಕತ್ತೆಯನ್ನು ಹುಡುಕಿ ಹೊರಟ ತಾಯಿಯನ್ನು ಮೂಢಳೆಂದು ಕರೆಯಲು ನನಗೆ ನಾಲಿಗೆ ಏಳುವುದಿಲ್ಲ.

ಮದ್ದಿನ ಶಕ್ತಿ ಕೆಲವರಿಗೆ ಹುಟ್ಟಿನಿಂದಲೇ ಬರುತ್ತಿತ್ತಂತೆ. ಏಳನೆಯ ಮಗನಿಗೆ ಅದಿತ್ತು. ತಂದೆಯ ಮುಖವನ್ನೇ ಕಾಣದ ಮಗು ಎಳೆಗೂಸಿನ ಬಾಯಿಯೊಳಗೆ ಊದಿದರೆ ಬಾಯಿಹುಣ್ಣು ಮಾಯುತ್ತದೆ ಎನ್ನುತ್ತಿದ್ದರು. ಇಂಥವರಿಗೆ ದುಡ್ಡು ಕೊಡಬಾರದು, ಉಪಕಾರವಾಯಿತು ಎನ್ನಲೂಬಾರದು ಎಂಬುದು ಹಲವೆಡೆಯ ಕಟ್ಟಳೆ. ಈ ಕಟ್ಟಳೆ ನನಗೆ ಬಲು ಮೆಚ್ಚು. ಬಡವರ ಮನೆಯ ಕಾಯಿಲೆ ಯಾರ ವ್ಯಾಪಾರವೂ ಆಗದಂತೆ ಅದು ನೋಡಿಕೊಂಡಿತು.

ಉತ್ತರ ಐರ್ಲೆಂಡಿನ ಫರ್ಮಾನಾ ಕೌಂಟಿಯ ಬೋಹೊ ಹಳ್ಳಿಯ ಕತೆ ಕೇಳು. ಅಲ್ಲಿನ ಪಾದ್ರಿ ಜೇಮ್ಸ್ ಮೆಗರ್ 1815ರಲ್ಲಿ ತೀರಿಕೊಂಡರು. ಬದುಕಿದ್ದಾಗ ತಾನು ಗುಣಪಡಿಸಿದ್ದನ್ನೆಲ್ಲ ತನ್ನ ಗೋರಿಯ ಮಣ್ಣು ಗುಣಪಡಿಸುತ್ತದೆ ಎಂದು ಅವರು ಹೇಳಿದ್ದರೆಂಬುದು ಪ್ರತೀತಿ. ಜನ ಚಿಟಿಕೆ ಮಣ್ಣನ್ನು ಬಟ್ಟೆಯಲ್ಲಿ ಕಟ್ಟಿ ದಿಂಬಿನಡಿ ಇಟ್ಟುಕೊಂಡು, ನಾಲ್ಕನೆಯ ದಿನ ಅಲ್ಲಿಗೇ ಮರಳಿಸುತ್ತಾರೆ. 2018ರಲ್ಲಿ ವೇಲ್ಸ್‌ನ ಸ್ವಾನ್ಸೀ ವಿಶ್ವವಿದ್ಯಾಲಯದ ತಂಡ ಈ ಮಣ್ಣಿನಲ್ಲಿ ಸ್ಟ್ರೆಪ್ಟೊಮೈಸಿಸ್ ಕುಲದ ಹೊಸ ಬ್ಯಾಕ್ಟೀರಿಯಾ ಪತ್ತೆಹಚ್ಚಿತು. ಆ್ಯಂಟಿಬಯಾಟಿಕ್‌ಗಳಿಗೆ ಜಗ್ಗದ ಎಂಆರ್‌ಎಸ್‌ಎಯಂಥ ರೋಗಾಣುಗಳನ್ನೂ ಪ್ರಯೋಗಾಲಯದಲ್ಲಿ ಅದು ತಡೆಯಿತು. ಸ್ಟ್ರೆಪ್ಟೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಸಿಕ್ಕಿದ್ದೂ ಇದೇ ಕುಲದಿಂದ. ದಿಂಬಿನಡಿಯ ಮಣ್ಣು ರೋಗ ಕಳೆಯುತ್ತದೆಂದು ಇದರಿಂದ ಸಾಬೀತಾಗುವುದಿಲ್ಲ, ನಿಜ. ಆದರೂ ವಿಜ್ಞಾನಿಗಳು ಅಗೆಯಲು ಆ ಜಾಗವನ್ನೇ ಆರಿಸಿಕೊಂಡದ್ದು ಹಳ್ಳಿಯವರ ಮಾತು ಕೇಳಿ.

ಇತಿ ನಿನ್ನ ಗೆಳೆಯ