ಕಾರವಾರ ಅಧ್ಯಯನ ಪ್ರವಾಸ: ಶಿಕ್ಷಕರ ಗಮನಕ್ಕೆ

ಬೆಳಗಾವಿಯ ವಿಜ್ಞಾನ ಶಿಕ್ಷಕರ ಗುಂಪಿನ ಎಲ್ಲ ಸದಸ್ಯರಿಗೂ ನಮಸ್ಕಾರಗಳು.

ಉಬ್ಬರ ಇಳಿತಗಳೊಡನೆ ನೀರಿನ ಉಷ್ಣತೆ ಹೇಗೆ ಬದಲಾಗುತ್ತದೆಂದು ಅಳೆದು ನೋಡುವ ಕಾರವಾರದ ಪ್ರವಾಸಕ್ಕೆ ನಾವು ಬರುವ ಹುಣ್ಣಿಮೆಯ ರಾತ್ರಿ 10 ಗಂಟೆಗೆ ಕೇಂದ್ರ ಬಸ್ ನಿಲ್ದಾಣದಿಂದ ಹೊರಡುತ್ತೇವೆ. ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆತರುವ ಶಿಕ್ಷಕರು ಇದನ್ನು ಪೂರ್ತಿಯಾಗಿ ಓದಬೇಕೆಂದು ಕೋರುತ್ತೇನೆ.

ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರ ಇಳಿತಗಳ ಅಂತರ ಹೆಚ್ಚಿರುವುದರಿಂದ ಈ ದಿನವನ್ನು ಆರಿಸಲಾಗಿದೆ. ಆಗ ನೀರಿನ ಸೆಳೆತ ಬಲವಾಗಿ, ಆಳ ಕಡಿಮೆಯಿರುವ ಕಡೆ ತಳದ ತಂಪು ನೀರು ಮೇಲಿನ ಬೆಚ್ಚಗಿನ ಪದರದೊಡನೆ ಬೆರೆಯಬಲ್ಲದು. ಹಾಗೆ ಬೆರೆತಾಗ ಮೇಲ್ಮೈಯ ಉಷ್ಣತೆ ಇಳಿಯುವುದಲ್ಲದೆ, ತಳದಲ್ಲಿದ್ದ ನೈಟ್ರೇಟ್, ಫಾಸ್ಫೇಟ್‌ಗಳು ಬೆಳಕು ಬೀಳುವ ಪದರಕ್ಕೆ ಬಂದು, ಮೀನಿನ ಆಹಾರ ಸರಪಳಿಗೆ ಬುಡವಾದ ಸೂಕ್ಷ್ಮ ಸಸ್ಯಗಳಿಗೆ ಗೊಬ್ಬರವಾಗುತ್ತವೆ. ಕಾಳಿ ನದಿಯು ಕಡಲನ್ನು ಸೇರುವ ಅಳಿವೆಯಲ್ಲಿ ಇಳಿತದ ಹೊತ್ತಿಗೆ ನದಿಯ ನೀರು ತನ್ನ ಪೋಷಕಾಂಶಗಳೊಡನೆ ಕಡಲಿಗೆ ಸಾಗಿದರೆ, ಉಬ್ಬರದಲ್ಲಿ ಉಪ್ಪುನೀರು ಒಳನುಗ್ಗುತ್ತದೆ. ಎರಡು ಉಬ್ಬರಗಳ ನಡುವೆ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿರುವುದರಿಂದ, ಒಂದೇ ಜಾಗದಲ್ಲಿ ಉಬ್ಬರಕ್ಕೊಮ್ಮೆ, ಇಳಿತಕ್ಕೊಮ್ಮೆ ನೀರಿನ ಉಷ್ಣತೆಯನ್ನು ಅಳೆಯಲೇಬೇಕು.

ಮಧ್ಯಾಹ್ನದ ಬಿಸಿಲೂ ನೀರನ್ನು ಕಾಯಿಸುತ್ತದೆ. ಆದ್ದರಿಂದ ಪ್ರತಿ ಅಳತೆಯ ಪಕ್ಕದಲ್ಲಿ ಗಂಟೆ, ಮೋಡ, ಗಾಳಿಗಳನ್ನು ಬರೆಸಿರಿ. ಕಂಡ ವ್ಯತ್ಯಾಸವನ್ನೆಲ್ಲ ಉಬ್ಬರಕ್ಕೇ ಹೊರಿಸುವುದು ಮಕ್ಕಳಿಗೆ ತಪ್ಪು ಪಾಠವಾದೀತು. ಮಳೆಗಾಲದಲ್ಲಿ ಬೀಸುವ ಗಾಳಿಯ ತಳ್ಳುವಿಕೆಯಿಂದ ಆಳದ ನೀರು ಮೇಲೇರುವುದು ಬೇರೆಯೇ ಕ್ರಿಯೆ, ಅದನ್ನು ಇದರೊಡನೆ ಬೆರೆಸಬಾರದು.

ಪ್ರತಿ ಶಾಲೆಯವರೂ ಉಷ್ಣಮಾಪಕ, ಹಗ್ಗ ಕಟ್ಟಿದ ಬಕೆಟ್ ಹಾಗೂ ಶುದ್ಧ ಬಾಟಲಿಗಳನ್ನು ತರಬೇಕು. ನೀರಿಗೆ ಮಕ್ಕಳು ಇಳಿಯತಕ್ಕದ್ದಲ್ಲ, ಮಾದರಿಯನ್ನು ಶಿಕ್ಷಕರೇ ಎತ್ತಿಕೊಡಬೇಕು. ಬರುವವರ ಸಂಖ್ಯೆಯನ್ನು ಹುಣ್ಣಿಮೆಗೆ ಮೂರು ದಿನ ಮುಂಚೆಯೇ ದಯವಿಟ್ಟು ಇಲ್ಲಿ ತಿಳಿಸಿರಿ.