ಚಿನ್ನ ಮುಗಿದರೂ ಟಂಕಸಾಲೆ ಮುಚ್ಚದ ಊರು

ಪ್ರಿಯ ಗೆಳೆಯ,

ಸ್ಲೊವಾಕಿಯಾದಲ್ಲಿ ಒಂದೇ ಊರು ನೋಡುವುದಾದರೆ ಯಾವುದನ್ನು ನೋಡಬೇಕೆಂದು ಕೇಳಿದ್ದೆಯಲ್ಲ. ಬ್ರಾತಿಸ್ಲಾವಾವನ್ನೋ ತಾತ್ರಾ ಶಿಖರಗಳನ್ನೋ ಯಾರು ಬೇಕಾದರೂ ಹೇಳಿಯಾರು. ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದ ನಿನಗೆ ನಾನು ಹೇಳುವುದು ನಿಮ್ಮೂರಿನಂತೆಯೇ ಚಿನ್ನದ ಗಣಿಯ ಊರಾಗಿದ್ದ ಕ್ರೆಮ್ನಿತ್ಸಾವನ್ನು. ದೇಶದ ನಡುಭಾಗದ ಬೆಟ್ಟಗಳ ಕಣಿವೆಯಲ್ಲಿರುವ ಈ ಊರಿನ ಜನಸಂಖ್ಯೆ ಸುಮಾರು 5,000.

ಹಿಂದೆ ಈ ಸೀಮೆ ಹಂಗೇರಿ ರಾಜ್ಯಕ್ಕೆ ಸೇರಿತ್ತು. 1328ರಲ್ಲಿ ದೊರೆ ಚಾರ್ಲ್ಸ್ ರಾಬರ್ಟ್ ಈ ಊರಿಗೆ ಪಟ್ಟಣದ ಹಕ್ಕುಗಳನ್ನೂ ಟಂಕಸಾಲೆಯನ್ನೂ ಕೊಟ್ಟು, ಬೊಹೆಮಿಯಾದ ಕುಟ್ನಾ ಹೋರಾದಿಂದ ನುರಿತ ಕುಶಲಕರ್ಮಿಗಳನ್ನು ಕರೆಸಿದ. ಇಲ್ಲಿಯ ಚಿನ್ನದ ಡುಕಾಟ್ ನಾಣ್ಯಗಳು ಶತಮಾನಗಳ ಕಾಲ ತಮ್ಮ ಶುದ್ಧತೆಗೆ ಯುರೋಪಿನಲ್ಲೆಲ್ಲ ಹೆಸರಾಗಿದ್ದವು. ಇಲ್ಲಿಯ ನಾಣ್ಯ ಸಂಗ್ರಹಾಲಯದಲ್ಲಿ ಅವನ್ನು ಹತ್ತಿರದಿಂದ ನೋಡಬಹುದು: ಒಂದು ಬದಿಯಲ್ಲಿ ಮಗುವನ್ನೆತ್ತಿಕೊಂಡ ಮೇರಿ, ಇನ್ನೊಂದು ಬದಿಯಲ್ಲಿ ಗಂಡುಗೊಡಲಿ ಹಿಡಿದು ನಿಂತ ಸಂತ ಲಾದಿಸ್ಲಾವ್, ಅವನ ಎಡಬಲಕ್ಕೆ ಕೆ ಮತ್ತು ಬಿ ಎಂಬ ಎರಡು ಅಕ್ಷರಗಳು. ಹಂಗೇರಿಯನ್ ಭಾಷೆಯಲ್ಲಿ ಊರಿನ ಹೆಸರು ಕೊರ್ಮೊಟ್ಸ್‌ಬಾನ್ಯ. ಆ ಅಕ್ಷರಗಳು ಅದರ ಗುರುತು.

ಗಣಿಗಾರಿಕೆ 1970ರಲ್ಲಿ ನಿಂತಿತು, ಟಂಕಸಾಲೆ ಮಾತ್ರ ನಿಲ್ಲಲಿಲ್ಲ. ಸ್ಲೊವಾಕಿಯಾ 2009ರಲ್ಲಿ ಯೂರೋಗೆ ಬಂದಾಗ ಅದರ ನಾಣ್ಯಗಳನ್ನು ಅಚ್ಚು ಹಾಕಿದ್ದು ಇಲ್ಲಿಯೇ. ಒಂದು ಯೂರೋ ನಾಣ್ಯದಲ್ಲಿ ಮೂರು ಬೆಟ್ಟಗಳ ಮೇಲೆ ಎರಡು ಅಡ್ಡಪಟ್ಟಿಗಳ ಶಿಲುಬೆ ಕಾಣುತ್ತದೆ. ಹೊರದೇಶಗಳ ಕೆಲಸವನ್ನೂ ಹಿಡಿಯುವ ಈ ಟಂಕಸಾಲೆ ಭಾರತಕ್ಕೂ ನಾಣ್ಯ ಮಾಡಿಕೊಟ್ಟಿದೆ ಎಂದರೆ ನಿನಗೆ ಅಚ್ಚರಿಯಾಗಬಹುದು.

ನನಗೆ ನಾಣ್ಯಗಳಿಗಿಂತಲೂ ಹಿಡಿಸಿದ್ದು ನೀರಿನ ಕಥೆ. ಗಣಿ ಆಳವಾದಂತೆ ಒಳಗೆ ತುಂಬುವ ನೀರನ್ನು ಮೇಲೆತ್ತುವ ಯಂತ್ರಗಳಿಗೆ ಮತ್ತೆ ನೀರಿನ ಬಲವೇ ಬೇಕಾಗಿತ್ತು. ಕಣಿವೆಯ ತೊರೆ ಅದಕ್ಕೆ ಸಾಲದೆ, ಗುಡ್ಡದ ಆಚೆ ಬದಿಯ ತುರ್ಚೆಕ್ ಕಡೆಯ ತೊರೆಗಳನ್ನು ಉದ್ದನೆಯ ಕಾಲುವೆಯಲ್ಲಿ ತಿರುಗಿಸಿ ತಂದರು. 20ನೆಯ ಶತಮಾನದಲ್ಲಿ ಅದೇ ನೀರನ್ನು ಗಣಿಯ ಶಾಫ್ಟ್‌ಗೆ ಧುಮುಕಿಸಿ, ನೆಲದಡಿಯಲ್ಲೇ ವಿದ್ಯುತ್ ತೆಗೆಯುವ ಏರ್ಪಾಟು ಮಾಡಿದರು. ಹೊರಬೀಳುವ ನೀರು ಮೈಲುಗಟ್ಟಲೆ ಸುರಂಗದಲ್ಲಿ ಹರಿದು ಹ್ರೋನ್ ನದಿಯನ್ನು ಸೇರುತ್ತದೆ.

ಊರ ಚೌಕ ಸಮತಟ್ಟಾಗಿಲ್ಲ, ಇಳಿಜಾರಿನಲ್ಲಿದೆ. ನಡುವೆ ಪ್ಲೇಗಿನ ನೆನಪಿಗೆ ನಿಲ್ಲಿಸಿದ, ಶಿಲ್ಪಗಳಿಂದ ಕಿಕ್ಕಿರಿದ ಕಂಬ. ನನ್ನ ರುಚಿಗೆ ಅದು ಅತಿಯಾಯಿತು. ಮೇಲುಗಡೆಯ ಕೋಟೆ ಚಿಕ್ಕದಾದರೂ ಎರಡು ಸುತ್ತಿನ ಗೋಡೆಯದು, ಒಳಗೆ ಸಂತ ಕ್ಯಾಥರೀನಳ ಚರ್ಚ್ ಇದೆ.

ಈ ಶತಮಾನದಲ್ಲಿ ಹೊರದೇಶದ ಕಂಪನಿಗಳು ಊರಿಗೆ ತಾಗಿಕೊಂಡ ಶ್ತುರೆಟ್ಸ್ ಗುಡ್ಡವನ್ನು ಅಗೆದು, ಸೈನೈಡ್ ಬಳಸಿ ಉಳಿದ ಚಿನ್ನ ತೆಗೆಯುವುದಾಗಿ ಬಂದವು. ಗಣಿಯಿಂದಲೇ ಹುಟ್ಟಿದ ಊರಿನ ಜನ ‘ಚಿನ್ನಕ್ಕಿಂತ ಕ್ರೆಮ್ನಿತ್ಸಾ ದೊಡ್ಡದು’ ಎಂದು ಸಂಘ ಕಟ್ಟಿ ವಿರೋಧಿಸಿದರು. ನಿಮ್ಮೂರಿನ ಸೈನೈಡ್ ಗುಡ್ಡಗಳಿಂದ ಬೇಸಿಗೆಯ ಗಾಳಿಗೆ ಏಳುವ ಧೂಳನ್ನು ಕಂಡವನಿಗೆ ಅವರ ಭಯವನ್ನು ನಾನು ವಿವರಿಸಬೇಕಾಗಿಲ್ಲ.

ಬರುವುದಾದರೆ ಬೇಸಿಗೆಯಲ್ಲಿ ಬಾ, ಆಗ ಕೋಟೆಯ ಚರ್ಚಿನಲ್ಲಿ ಆರ್ಗನ್ ಕಛೇರಿಗಳಿರುತ್ತವೆ. ಜ್ವೊಲೆನ್‌ನಿಂದ ರೈಲು ಹತ್ತು. 1872ರ ಆ ಹಳಿ ಬೆಟ್ಟದ ಪಕ್ಕೆಯನ್ನೇರುವುದರಿಂದ ನಿಲ್ದಾಣ ಊರಿಗಿಂತ ಎತ್ತರದಲ್ಲಿದೆ. ಇಳಿಯುವುದು ಸುಲಭ, ಮರಳುವಾಗ ಲಗೇಜು ಹಗುರವಾಗಿರಲಿ.

ಇಂತಿ ನಿನ್ನ,
ಗೆಳೆಯ